ತೂಕ ಇಳಿಸಲು ಬಯಸುವವರಿಗೆ ಬೇಗ ಸಿದ್ಧವಾಗುವ ಆರೋಗ್ಯಕರ ಊಟ-ತಿಂಡಿಗಳು (ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಹಾರ ಪದ್ಧತಿಗೆ ಅನುಗುಣವಾಗಿ)

1. ಪೀಠಿಕೆ

ದೇಹವು ವ್ಯಯಿಸುವ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಆಹಾರದ ಮೂಲಕ ಸೇವಿಸಿದಾಗ, ಉಳಿದ ಭಾಗವು ಕೊಬ್ಬಿನ ರೂಪದಲ್ಲಿ ಶೇಖರಣೆಯಾಗುತ್ತದೆ. ಇದು ಬಹುಕಾಲ ಮುಂದುವರಿದಲ್ಲಿ ಬೊಜ್ಜು ಉಂಟಾಗಿ, ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ ಹಾಗೂ ಮಂಡಿನೋವುಗಳಿಗೆ ಎಡೆಮಾಡಿಕೊಡುತ್ತದೆ. 2019-21ರ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಶೇಕಡ 30.1 ಮತ್ತು ಪುರುಷರಲ್ಲಿ ಶೇಕಡ 30.9 ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣವು ಕ್ರಮವಾಗಿ ಶೇಕಡ 23.3 ಮತ್ತು 22.1 ಆಗಿತ್ತು.

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಂಭವಿಸಿದವೆಂದು ವರದಿಯಾದ ಸಾವುಗಳು ಜನರಲ್ಲಿ ತೀವ್ರ ಆತಂಕವನ್ನು ಉಂಟುಮಾಡಿದವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅದೇ ವರ್ಷದ ಜುಲೈ ತಿಂಗಳಿನಲ್ಲಿ ವರದಿ ಸಲ್ಲಿಸಿತು. ಆ ದಿನಗಳಲ್ಲಿ ತಪಾಸಣೆಗಾಗಿ ಬಹಳಷ್ಟು ಜನರು ಮೈಸೂರಿನ ಆಸ್ಪತ್ರೆಗೆ ಧಾವಿಸಿದರು. ತಪಾಸಣೆ ಅಗತ್ಯವೇ ಆಗಿದೆ. ಆದರೆ ಹೃದ್ರೋಗಕ್ಕೆ ದಾರಿಯಾಗುವ ಅಧಿಕ ತೂಕ, ಮಧುಮೇಹ ಮತ್ತು ರಕ್ತದೊತ್ತಡಗಳ ನಿಯಂತ್ರಣವು ಪ್ರತಿನಿತ್ಯದ ಊಟದ ತಟ್ಟೆಯಿಂದಲೇ ಆರಂಭವಾಗಬೇಕು.

ಇದಕ್ಕಾಗಿ ದುಬಾರಿ ಪುಡಿಗಳಾಗಲಿ, ಹೊರನಾಡಿನ ಧಾನ್ಯಗಳಾಗಲಿ ಬೇಕಿಲ್ಲ. ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಬಳಕೆಯಲ್ಲಿರುವ ರಾಗಿ, ಹುರುಳಿ, ಅವರೆ, ಅಲಸಂದೆ, ಹೆಸರುಕಾಳು ಮತ್ತು ಸೊಪ್ಪುಗಳೇ ಸಾಕು. ಬದಲಾಗಬೇಕಾದುದು ಅವುಗಳ ಅಳತೆ ಮಾತ್ರ.

2. ತೂಕ ಹೆಚ್ಚಾಗಿದೆಯೇ ಎಂದು ತಿಳಿಯುವ ಬಗೆ

ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹ ತೂಕ ಸೂಚ್ಯಂಕ ದೊರೆಯುತ್ತದೆ. ಭಾರತೀಯ ವಯಸ್ಕರಲ್ಲಿ ಇದು 23 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ತೂಕವೆಂದೂ, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ. ಉದಾಹರಣೆಗೆ:

- 150 ಸೆಂ.ಮೀ. ಎತ್ತರದವರಿಗೆ ಸುಮಾರು 52 ಕೆ.ಜಿ. ಮೀರಿದರೆ ಅಧಿಕ ತೂಕ, 56 ಕೆ.ಜಿ. ಮೀರಿದರೆ ಬೊಜ್ಜು.
- 160 ಸೆಂ.ಮೀ. ಎತ್ತರದವರಿಗೆ ಸುಮಾರು 59 ಕೆ.ಜಿ. ಮೀರಿದರೆ ಅಧಿಕ ತೂಕ, 64 ಕೆ.ಜಿ. ಮೀರಿದರೆ ಬೊಜ್ಜು.
- 170 ಸೆಂ.ಮೀ. ಎತ್ತರದವರಿಗೆ ಸುಮಾರು 66 ಕೆ.ಜಿ. ಮೀರಿದರೆ ಅಧಿಕ ತೂಕ, 72 ಕೆ.ಜಿ. ಮೀರಿದರೆ ಬೊಜ್ಜು.

ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ. ಮತ್ತು ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದ್ದರೆ, ಒಟ್ಟು ತೂಕ ಹೆಚ್ಚಿಲ್ಲದಿದ್ದರೂ ಎಚ್ಚರಿಕೆ ವಹಿಸುವುದು ಅವಶ್ಯಕ. ಹೊಟ್ಟೆಯ ಭಾಗದ ಕೊಬ್ಬು ಮಧುಮೇಹ ಮತ್ತು ಹೃದ್ರೋಗಗಳಿಗೆ ಹೆಚ್ಚು ಸಮೀಪದ ಸಂಬಂಧ ಹೊಂದಿದೆ.

3. ರಾಗಿಯ ಬಗ್ಗೆ ಇರುವ ತಪ್ಪು ಕಲ್ಪನೆ

ಮುದ್ದೆ ಉಂಡರೆ ತೂಕ ಹೆಚ್ಚುವುದಿಲ್ಲ, ಅನ್ನ ಉಂಡರೆ ಮಾತ್ರ ಹೆಚ್ಚುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ವ್ಯಾಪಕವಾಗಿದೆ. ಇದು ಪೂರ್ಣ ಸತ್ಯವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ ಶಕ್ತಿ ಇದ್ದರೆ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 355 ಕಿಲೋಕ್ಯಾಲೊರಿ ಇದೆ. ಶಕ್ತಿಯ ದೃಷ್ಟಿಯಿಂದ ಇವೆರಡರ ಅಂತರ ಅಲ್ಪ.

ರಾಗಿಯ ಹೆಚ್ಚುಗಾರಿಕೆ ಇರುವುದು ಬೇರೆಡೆ. ಅದರ ನಾರಿನಂಶ 100 ಗ್ರಾಂಗೆ ಸುಮಾರು 11 ಗ್ರಾಂ; ಬಿಳಿ ಅಕ್ಕಿಯಲ್ಲಿ ಇದು 3 ಗ್ರಾಂಗಿಂತ ಕಡಿಮೆ. ಸುಣ್ಣದ ಅಂಶ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದ್ದರೆ, ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ನಾರಿನಂಶದಿಂದಾಗಿ ಹೊಟ್ಟೆ ಬೇಗ ತುಂಬಿದಂತಾಗಿ, ಮತ್ತೆ ಹಸಿವಾಗುವುದು ತಡವಾಗುತ್ತದೆ. ಆದರೆ ಎರಡು ದೊಡ್ಡ ಮುದ್ದೆಗಳ ಮೇಲೆ ಅನ್ನವನ್ನೂ ಉಂಡರೆ ಈ ಪ್ರಯೋಜನ ದೊರೆಯುವುದಿಲ್ಲ.

ಹಿಂದಿನ ಕಾಲದ ಮುದ್ದೆಯ ಗಾತ್ರವು ನೇಗಿಲು ಹೂಡುವ, ಕಳೆ ಕೀಳುವ, ಮೈಲುಗಟ್ಟಲೆ ನಡೆಯುವ ದೇಹಕ್ಕೆ ತಕ್ಕುದಾಗಿತ್ತು. ಇಂದು ಉಳುಮೆಗೆ ಟ್ರ್ಯಾಕ್ಟರ್, ಓಡಾಟಕ್ಕೆ ದ್ವಿಚಕ್ರ ವಾಹನ, ನೀರೆತ್ತಲು ಪಂಪ್‌ಸೆಟ್ ಬಂದಿವೆ. ಹಾಸನ ನಗರದ ಕಚೇರಿ, ಅಂಗಡಿ, ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಬಂದು ಕುಳಿತು ಕೆಲಸ ಮಾಡುವವರ ಸಂಖ್ಯೆಯೂ ಹೆಚ್ಚಿದೆ. ದೇಹಶ್ರಮ ಕಡಿಮೆಯಾದರೂ ಮುದ್ದೆಯ ಗಾತ್ರ ಹಾಗೆಯೇ ಉಳಿದಿರುವುದು ತೂಕ ಹೆಚ್ಚಳಕ್ಕೆ ಒಂದು ಕಾರಣವಾಗಿದೆ.

4. ಒಂದು ರಾತ್ರಿ ಊಟದ ಲೆಕ್ಕ

ಸಾಮಾನ್ಯವಾಗಿ ರೂಢಿಯಲ್ಲಿರುವ ಊಟ (ಒಬ್ಬರಿಗೆ):

- 100 ಗ್ರಾಂ ಹಿಟ್ಟಿನ ಮುದ್ದೆ – 320 ಕಿಲೋಕ್ಯಾಲೊರಿ
- 100 ಗ್ರಾಂ ಅಕ್ಕಿಯ ಅನ್ನ – 355
- 20 ಗ್ರಾಂ ಬೇಳೆಯ ಸಾರು – 65
- ಒಗ್ಗರಣೆ ಮತ್ತು ಪಲ್ಯದ ಎಣ್ಣೆ 15 ಗ್ರಾಂ – 135
- ಒಟ್ಟು ಸುಮಾರು 875 ಕಿಲೋಕ್ಯಾಲೊರಿ

ಬದಲಾಯಿಸಿದ ಊಟ (ಒಬ್ಬರಿಗೆ):

- 60 ಗ್ರಾಂ ಹಿಟ್ಟಿನ ಮುದ್ದೆ – 190 ಕಿಲೋಕ್ಯಾಲೊರಿ
- 40 ಗ್ರಾಂ ಹುರುಳಿಕಾಳಿನ ಸಾರು ಮತ್ತು ಕಾಳು – 130
- 150 ಗ್ರಾಂ ಸೊಪ್ಪಿನ ಪಲ್ಯ – 50
- ಎಣ್ಣೆ 5 ಗ್ರಾಂ – 45
- ಒಂದು ಲೋಟ ತೆಳು ಮಜ್ಜಿಗೆ – 40
- ಒಟ್ಟು ಸುಮಾರು 455 ಕಿಲೋಕ್ಯಾಲೊರಿ

ಎರಡನೆಯ ಊಟದಲ್ಲಿ ಸುಮಾರು 420 ಕಿಲೋಕ್ಯಾಲೊರಿ ಕಡಿಮೆಯಾಗಿದ್ದರೂ, ಕಾಳಿನ ಪ್ರಮಾಣ ಇಮ್ಮಡಿಯಾಗಿದೆ ಮತ್ತು ತಟ್ಟೆ ತುಂಬಿಯೇ ಇರುತ್ತದೆ. ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಯಷ್ಟು ಶಕ್ತಿಯನ್ನು ಕಡಿಮೆ ಮಾಡಿದಲ್ಲಿ, ವಾರಕ್ಕೆ ಸುಮಾರು ಅರ್ಧ ಕೆ.ಜಿ. ತೂಕ ಇಳಿಯುವುದನ್ನು ನಿರೀಕ್ಷಿಸಬಹುದು. ಇದು ಸುರಕ್ಷಿತ ವೇಗವಾಗಿದೆ. ದಿನದ ಒಟ್ಟು ಆಹಾರ 1,000 ಕಿಲೋಕ್ಯಾಲೊರಿಗಿಂತ ಕಡಿಮೆಯಾಗುವಂತೆ ಪಥ್ಯ ಮಾಡಬಾರದು.

60 ಗ್ರಾಂ ರಾಗಿಹಿಟ್ಟು ಎಂದರೆ 200 ಮಿ.ಲೀ. ಲೋಟದಲ್ಲಿ ಸರಿಸುಮಾರು ಅರ್ಧ ಲೋಟ. ಇದರಿಂದ ಕಿತ್ತಳೆ ಹಣ್ಣಿನ ಗಾತ್ರದ ಒಂದು ಮುದ್ದೆಯಾಗುತ್ತದೆ. ಮೊದಲ ಒಂದೆರಡು ವಾರ ಹಿಟ್ಟನ್ನು ಅಳೆದು ಹಾಕಿದರೆ, ನಂತರ ಕೈಗೆ ಅಳತೆ ತಾನಾಗಿ ತಿಳಿಯುತ್ತದೆ.

5. ತಟ್ಟೆಯ ವಿಂಗಡಣೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಂತೆ 2,000 ಕಿಲೋಕ್ಯಾಲೊರಿಯ ದಿನದ ಆಹಾರದಲ್ಲಿ ಧಾನ್ಯಗಳು ಸುಮಾರು 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ ಹಾಗೂ ಹಾಲು ಅಥವಾ ಮೊಸರು 300 ಮಿ.ಲೀ. ಇರಬೇಕು. ತೂಕ ಇಳಿಸುವವರು ಧಾನ್ಯ ಮತ್ತು ಎಣ್ಣೆಯನ್ನು ಮಾತ್ರ ಕಡಿಮೆ ಮಾಡಿ, ಉಳಿದವುಗಳನ್ನು ಕಾಯ್ದುಕೊಳ್ಳತಕ್ಕದ್ದು.

ಸುಲಭವಾಗಿ ಹೇಳುವುದಾದರೆ, ತಟ್ಟೆಯ ಅರ್ಧ ಭಾಗ ಸೊಪ್ಪು-ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ-ಮೀನು, ಉಳಿದ ಕಾಲು ಭಾಗ ಮುದ್ದೆ, ರೊಟ್ಟಿ ಅಥವಾ ಅನ್ನ. ಮುದ್ದೆ ಇದ್ದ ಹೊತ್ತಿನಲ್ಲಿ ಅನ್ನ ಬೇಡ. ಅನ್ನ ಇದ್ದ ಹೊತ್ತಿನಲ್ಲಿ ಮುದ್ದೆ ಬೇಡ.

ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು:

- ಆಲೂಗಡ್ಡೆ: ಹಾಸನ ಮತ್ತು ಅರಕಲಗೂಡು ಭಾಗದ ಪ್ರಮುಖ ಬೆಳೆ. ಇದರಲ್ಲಿ ಪಿಷ್ಟವೇ ಪ್ರಧಾನವಾಗಿರುವುದರಿಂದ ಇದನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಧಾನ್ಯದ ಲೆಕ್ಕಕ್ಕೆ ಸೇರಿಸುವುದು ಸೂಕ್ತ. ಆಲೂಗಡ್ಡೆ ಪಲ್ಯ ಇದ್ದ ದಿನ ಮುದ್ದೆ ಅಥವಾ ಅನ್ನವನ್ನು ಕಡಿಮೆ ಮಾಡಬೇಕು.
- ತೆಂಗಿನಕಾಯಿ: ಚನ್ನರಾಯಪಟ್ಟಣ ಭಾಗದಲ್ಲಿ ಯಥೇಚ್ಛವಾಗಿ ದೊರೆಯುತ್ತದೆ. 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ 400ಕ್ಕೂ ಹೆಚ್ಚು, ಒಣ ಕೊಬ್ಬರಿಯಲ್ಲಿ 600ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಇದೆ. ನಾಲ್ವರ ಸಾರಿಗೆ ಎರಡು ಚಮಚ ತುರಿ ಸಾಕು.
- ಅಕ್ಕಿ: ಹೇಮಾವತಿ ನಾಲೆಗಳ ಹೊಳೆನರಸೀಪುರ ಭಾಗದಲ್ಲಿ, ಕಾವೇರಿ ದಂಡೆಯ ರಾಮನಾಥಪುರ, ಕೊಣನೂರು ಭಾಗದಲ್ಲಿ ಭತ್ತ ಬೆಳೆಯುತ್ತಾರೆ. ಅನ್ನವನ್ನು ವರ್ಜಿಸಬೇಕಾಗಿಲ್ಲ. ಒಂದು ಹೊತ್ತಿಗೆ 60 ಗ್ರಾಂ ಅಕ್ಕಿಯ ಅನ್ನಕ್ಕೆ ಮಿತಿಗೊಳಿಸಿ, ಅದಕ್ಕೆ ಸಮನಾಗಿ ಕಾಳು-ತರಕಾರಿ ಸೇರಿಸಬೇಕು.
- ಕಾಫಿ-ಟೀ: ದಿನಕ್ಕೆ 4 ಬಾರಿ, ಪ್ರತಿ ಬಾರಿ 2 ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆ, ಅಂದರೆ 160 ಕಿಲೋಕ್ಯಾಲೊರಿ. ದಿನದ ಒಟ್ಟು ಸಕ್ಕರೆ 25 ಗ್ರಾಂ ಮೀರಬಾರದು.
- ಉಪ್ಪು: ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವುದೂ ಇದರಲ್ಲಿಯೇ ಸೇರಿದೆ.

6. ಬೇಗ ಸಿದ್ಧವಾಗುವ ಊಟ-ತಿಂಡಿಗಳು

ಕೆಳಗೆ ಸೂಚಿಸಿದ ಸಮಯವು, ಕಾಳು ನೆನೆಸಿ ಸೊಪ್ಪು ಬಿಡಿಸಿಟ್ಟುಕೊಂಡ ನಂತರ ಒಲೆಯ ಮುಂದೆ ಬೇಕಾಗುವ ಸಮಯವಾಗಿದೆ.

6.1 ರಾಗಿ ಅಂಬಲಿ ಮತ್ತು ಹೆಸರುಬೇಳೆ ಕೋಸಂಬರಿ (ಇಬ್ಬರಿಗೆ, 15 ನಿಮಿಷ)

ರಾತ್ರಿ 80 ಗ್ರಾಂ ರಾಗಿಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಮುಚ್ಚಿಡಬೇಕು. ಬೆಳಿಗ್ಗೆ ಕುದಿಯುವ ನೀರಿಗೆ ಹಾಕಿ, ಕೈಯಾಡಿಸುತ್ತಾ 8ರಿಂದ 10 ನಿಮಿಷ ಬೇಯಿಸಿ ಆರಿಸಬೇಕು. ಎರಡು ಲೋಟ ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಚಿಟಿಕೆ ಉಪ್ಪು ಬೆರೆಸಬೇಕು. ಒಂದು ಗಂಟೆ ನೆನೆದ 50 ಗ್ರಾಂ ಹೆಸರುಬೇಳೆಗೆ ತುರಿದ ಸೌತೆಕಾಯಿ ಮತ್ತು ಕ್ಯಾರೆಟ್, ನಿಂಬೆರಸ ಸೇರಿಸಿದರೆ ಕೋಸಂಬರಿ ಸಿದ್ಧ. ಒಗ್ಗರಣೆ ಅಗತ್ಯವಿಲ್ಲ.

6.2 ನುಗ್ಗೆಸೊಪ್ಪಿನ ರಾಗಿ ರೊಟ್ಟಿ (ಇಬ್ಬರಿಗೆ, 20 ನಿಮಿಷ)

120 ಗ್ರಾಂ ರಾಗಿಹಿಟ್ಟಿಗೆ ಎರಡು ಹಿಡಿ ನುಗ್ಗೆಸೊಪ್ಪು, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ತುರಿದ ಕ್ಯಾರೆಟ್, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಬಿಸಿನೀರಿನಲ್ಲಿ ಕಲಸಬೇಕು. ಕಾವಲಿಯ ಮೇಲೆ ತೆಳುವಾಗಿ ತಟ್ಟಿ, ಮುಚ್ಚಳ ಮುಚ್ಚಿ ಬೇಯಿಸಬೇಕು. ಎಲ್ಲ ರೊಟ್ಟಿಗಳಿಗೂ ಸೇರಿ ಎರಡು ಚಮಚ ಎಣ್ಣೆ ಸಾಕು. ಬೆಣ್ಣೆ ಅಥವಾ ಕಾಯಿಚಟ್ನಿಯ ಬದಲು ಮೊಸರು, ಒಂದು ಚಮಚ ಹುಚ್ಚೆಳ್ಳು ಚಟ್ನಿಪುಡಿಯನ್ನು ಬಳಸಬಹುದು.

6.3 ತರಕಾರಿ ಗೋಧಿರವೆ ಉಪ್ಪಿಟ್ಟು (ಇಬ್ಬರಿಗೆ, 20 ನಿಮಿಷ)

ರವೆ ಒಂದು ಪಾಲು, ತರಕಾರಿ ಎರಡು ಪಾಲು ಎಂಬ ನಿಯಮ ಅನುಸರಿಸಬೇಕು. 100 ಗ್ರಾಂ ಗೋಧಿರವೆಗೆ 200 ಗ್ರಾಂ ಹುರುಳಿಕಾಯಿ, ಕ್ಯಾರೆಟ್, ಹಸಿಬಟಾಣಿ ಅಥವಾ ಋತುವಿನ ಅವರೆಕಾಳು, ಎರಡು ಚಮಚ ಎಣ್ಣೆ. ಒಬ್ಬರಿಗೆ ಸುಮಾರು 260 ಕಿಲೋಕ್ಯಾಲೊರಿ ಆಗುತ್ತದೆ. ಮೇಲೆ ಕಾಯಿತುರಿಯ ಬದಲು ಕೊತ್ತಂಬರಿ ಸೊಪ್ಪು, ನಿಂಬೆರಸ ಹಾಕಬೇಕು.

6.4 ಮೊಳಕೆ ಹುರುಳಿಯ ಉಸ್ಲಿ – ಬುತ್ತಿಗೆ ಸೂಕ್ತ (ಇಬ್ಬರಿಗೆ, 15 ನಿಮಿಷ)

80 ಗ್ರಾಂ ಹುರುಳಿಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ತೇವದ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟರೆ ಮೊಳಕೆಯೊಡೆಯುತ್ತದೆ. ಕುಕ್ಕರಿನಲ್ಲಿ ಮೂರು ಕೂಗು ಬೇಯಿಸಿ, ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಮಾಡಿ ಬೆರೆಸಬೇಕು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಇದರೊಂದಿಗೆ ಒಬ್ಬರಿಗೆ ಒಂದು ಚಪಾತಿ ಅಥವಾ ಒಂದು ಬಟ್ಟಲು ಮೊಸರನ್ನ, ಒಂದು ಸೌತೆಕಾಯಿ ಇದ್ದರೆ ಮಧ್ಯಾಹ್ನದ ಊಟ ಪೂರ್ಣವಾಗುತ್ತದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕ ಇದೆ.

6.5 ಉಪ್ಸಾರು, ಸೊಪ್ಪು-ಕಾಳಿನ ಪಲ್ಯ ಮತ್ತು ಮುದ್ದೆ (ನಾಲ್ವರಿಗೆ, 30 ನಿಮಿಷ)

ಒಂದೇ ಪಾತ್ರೆಯಿಂದ ಸಾರು ಮತ್ತು ಪಲ್ಯ ಎರಡೂ ದೊರೆಯುವ, ಸಾರಿಗೆ ಎಣ್ಣೆಯೂ ಕಾಯಿಯೂ ಬೇಡದ ಈ ಅಡುಗೆ ತೂಕ ಇಳಿಸುವವರಿಗೆ ಅತ್ಯಂತ ಸೂಕ್ತವಾಗಿದೆ. ನೆನೆಸಿದ 160 ಗ್ರಾಂ ಅಲಸಂದೆ ಅಥವಾ ಹೆಸರುಕಾಳನ್ನು ಕುಕ್ಕರಿನಲ್ಲಿ ಎರಡು ಕೂಗು ಬೇಯಿಸಬೇಕು. ನಂತರ 600 ಗ್ರಾಂ ದಂಟು, ಕೀರೆ, ಅಣ್ಣೆ ಅಥವಾ ಬೆರಕೆ ಸೊಪ್ಪು ಮತ್ತು ಒಂದು ಚಿಕ್ಕ ಚಮಚ ಉಪ್ಪು ಹಾಕಿ 5 ನಿಮಿಷ ಕುದಿಸಿ, ನೀರನ್ನು ಬಸಿದುಕೊಳ್ಳಬೇಕು. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು ರುಬ್ಬಿದ ಖಾರವನ್ನು ಊಟದ ಹೊತ್ತಿಗೆ ಬಸಿದ ನೀರಿಗೆ ಕಲಸಿಕೊಳ್ಳಬೇಕು. ಉಳಿದ ಸೊಪ್ಪು-ಕಾಳಿಗೆ ನಾಲ್ಕು ಚಮಚ ಎಣ್ಣೆಯ ಒಗ್ಗರಣೆ ಹಾಕಿದರೆ ಪಲ್ಯವಾಗುತ್ತದೆ. ಮುದ್ದೆ ಒಬ್ಬರಿಗೆ 60 ಗ್ರಾಂ ಹಿಟ್ಟಿನ ಲೆಕ್ಕದಲ್ಲಿರಲಿ.

6.6 ಮೊಟ್ಟೆ-ಸೊಪ್ಪಿನ ಪಲ್ಯ (ಒಬ್ಬರಿಗೆ, 10 ನಿಮಿಷ)

ಕೆಲಸದಿಂದ ತಡವಾಗಿ ಮನೆ ಸೇರುವವರಿಗೆ ಇದು ಅನುಕೂಲಕರ. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಟೊಮ್ಯಾಟೊ, 150 ಗ್ರಾಂ ಹೆಚ್ಚಿದ ಮೆಂತ್ಯ ಅಥವಾ ಪಾಲಕ್ ಸೊಪ್ಪು ಬಾಡಿಸಿ, ಎರಡು ಮೊಟ್ಟೆ ಒಡೆದು ಹಾಕಿ ಕಲಕಬೇಕು. ಒಂದು ರೊಟ್ಟಿಯೊಂದಿಗೆ ಒಟ್ಟು ಸುಮಾರು 430 ಕಿಲೋಕ್ಯಾಲೊರಿ ಆಗುತ್ತದೆ. ಮಾಂಸಾಹಾರಿಗಳು ಚರ್ಮ ತೆಗೆದ ಕೋಳಿ ಅಥವಾ ಮೀನಿನ ಸಾರನ್ನು ಮಾಡಿಕೊಳ್ಳಬಹುದು, ಕರಿದವುಗಳನ್ನು ತ್ಯಜಿಸಬೇಕು.

7. ಸಮಯ ಉಳಿಸುವ ಪೂರ್ವಸಿದ್ಧತೆ

ಬೆಳಿಗ್ಗೆ ಬಸ್ಸು ಹಿಡಿಯುವ ಆತುರದಲ್ಲಿ ತಿಂಡಿ ಬಿಟ್ಟು, ನಂತರ ಬಸ್ ನಿಲ್ದಾಣದ ಬಳಿ ಪೂರಿ, ಬೋಂಡ, ಬನ್ನುಗಳನ್ನು ತಿನ್ನುವುದು ಸಾಮಾನ್ಯವಾಗಿದೆ. ಇದನ್ನು ತಪ್ಪಿಸಲು:

- ವಾರಕ್ಕೆ ಎರಡು ಬಾರಿ ಕಾಳು ಮೊಳಕೆ ಕಟ್ಟಬೇಕು. ಫ್ರಿಜ್ ಇದ್ದಲ್ಲಿ 2-3 ದಿನ ಇಡಬಹುದು; ಇಲ್ಲದಿದ್ದಲ್ಲಿ ಆಯಾ ದಿನವೇ ಬೇಯಿಸಬೇಕು.
- ರಾತ್ರಿಯೇ ಸೊಪ್ಪು ಬಿಡಿಸಿ, ಅಂಬಲಿ ಹಿಟ್ಟು ಕಲಸಿಡಬೇಕು.
- ಮನೆಯ ತಿಂಗಳ ಎಣ್ಣೆಯನ್ನು ಒಟ್ಟಿಗೆ ಅಳೆಯಬೇಕು. ಒಬ್ಬರಿಗೆ ದಿನಕ್ಕೆ 15ರಿಂದ 20 ಗ್ರಾಂ ಎಂದರೆ, ನಾಲ್ವರ ಕುಟುಂಬಕ್ಕೆ ತಿಂಗಳಿಗೆ ಸುಮಾರು 2ರಿಂದ 2.5 ಲೀಟರ್ ಸಾಕು.
- ಹೋಟೆಲಿನಲ್ಲಿ ತಿನ್ನಬೇಕಾದಲ್ಲಿ ಪೂರಿ, ವಡೆ, ಮಸಾಲೆ ದೋಸೆಗಳ ಬದಲು ಎರಡು ಇಡ್ಲಿ ಮತ್ತು ಸಾಂಬಾರನ್ನು ಆಯ್ದುಕೊಳ್ಳಬೇಕು.
- ಸಂಜೆಯ ಹಸಿವಿಗೆ ಸೀಬೆಹಣ್ಣು, ಮಜ್ಜಿಗೆ, ಬೇಯಿಸಿದ ಕಾಳು ಅಥವಾ ಈರುಳ್ಳಿ-ಸೌತೆಕಾಯಿ ಬೆರೆಸಿದ ಪುರಿ ಸಾಕು. ಹುರಿದ ಕಡಲೆಕಾಯಿ ಒಂದು ಹಿಡಿ ಮೀರಬಾರದು.

8. ಒಂದು ವಾರದ ಮಾದರಿ ಪಟ್ಟಿ (ಬೆಳಿಗ್ಗೆ / ಮಧ್ಯಾಹ್ನ / ರಾತ್ರಿ)

- ಸೋಮವಾರ: ಅಂಬಲಿ, ಕೋಸಂಬರಿ / ಹುರುಳಿ ಉಸ್ಲಿ, ಚಪಾತಿ / ಉಪ್ಸಾರು, ಪಲ್ಯ, ಮುದ್ದೆ
- ಮಂಗಳವಾರ: ಗೋಧಿರವೆ ಉಪ್ಪಿಟ್ಟು / ಅನ್ನ, ಮಸ್ಸೊಪ್ಪು, ಮಜ್ಜಿಗೆ / ರೊಟ್ಟಿ, ಮೊಟ್ಟೆ-ಸೊಪ್ಪಿನ ಪಲ್ಯ
- ಬುಧವಾರ: ಎರಡು ಇಡ್ಲಿ, ತರಕಾರಿ ಸಾಂಬಾರು / ಮುದ್ದೆ, ಹುರುಳಿಸಾರು / ಚಪಾತಿ, ಹೆಸರುಕಾಳಿನ ಪಲ್ಯ
- ಗುರುವಾರ: ನುಗ್ಗೆಸೊಪ್ಪಿನ ರೊಟ್ಟಿ / ಮೊಸರನ್ನ, ಕಾಳಿನ ಉಸ್ಲಿ / ಬಸ್ಸಾರು, ಪಲ್ಯ, ಮುದ್ದೆ
- ಶುಕ್ರವಾರ: ತರಕಾರಿ ಅವಲಕ್ಕಿ, ಮೊಸರು / ಚಪಾತಿ, ಅಲಸಂದೆ ಸಾರು / ಮುದ್ದೆ, ಸೊಪ್ಪಿನ ಸಾರು
- ಶನಿವಾರ: ಅಂಬಲಿ, ಬೇಯಿಸಿದ ಕಾಳು / ಅನ್ನ, ತರಕಾರಿ ಹುಳಿ, ಕೋಸಂಬರಿ / ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ
- ಭಾನುವಾರ: ತರಕಾರಿ ದೋಸೆ ಎರಡು / ಕೋಳಿ ಅಥವಾ ಮೀನಿನ ಸಾರು, ಮುದ್ದೆ, ಸೌತೆಕಾಯಿ / ತರಕಾರಿ ಸಾರು, ಸ್ವಲ್ಪ ಅನ್ನ

ಬೀಗರ ಊಟ, ಜಾತ್ರೆ, ಹಬ್ಬಗಳಲ್ಲಿ ಊಟವನ್ನು ನಿರಾಕರಿಸಬೇಕಾಗಿಲ್ಲ. ಮೊದಲು ಕೋಸಂಬರಿ-ಪಲ್ಯ ಉಂಡು, ಒಬ್ಬಟ್ಟನ್ನು ಒಂದಕ್ಕೆ ಮಿತಿಗೊಳಿಸಿ, ಆ ದಿನದ ಮತ್ತೊಂದು ಊಟವನ್ನು ಹಗುರವಾಗಿ ಮಾಡಿದರೆ ಸಾಕು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾತ್ರಿ ಊಟವನ್ನೇ ಬಿಟ್ಟರೆ ತೂಕ ಬೇಗ ಇಳಿಯುವುದಿಲ್ಲವೇ?
ಉತ್ತರ: ಕೆಲವು ದಿನ ಇಳಿಯಬಹುದು. ಆದರೆ ಹಸಿವು ಹೆಚ್ಚಿ ಮರುದಿನ ಮಿತಿಮೀರಿ ತಿನ್ನುವ ಸಂಭವವಿರುತ್ತದೆ. ರಾತ್ರಿ 8 ಗಂಟೆಯೊಳಗೆ ಹಗುರವಾಗಿ ಉಣ್ಣುವುದು ಉತ್ತಮ.

ಪ್ರಶ್ನೆ: ಸಕ್ಕರೆಯ ಬದಲು ಬೆಲ್ಲ ಅಥವಾ ಜೇನು ಬಳಸಬಹುದೇ?
ಉತ್ತರ: ತೂಕದ ದೃಷ್ಟಿಯಿಂದ ಹೆಚ್ಚಿನ ವ್ಯತ್ಯಾಸವಿಲ್ಲ. ಅವೂ ಸಕ್ಕರೆಯ ರೂಪಗಳೇ. ಬಿಸಿನೀರು-ಜೇನು ಕೊಬ್ಬನ್ನು ಕರಗಿಸುವುದಿಲ್ಲ.

ಪ್ರಶ್ನೆ: ಮಾರುಕಟ್ಟೆಯ ತೂಕ ಇಳಿಸುವ ಪುಡಿಗಳು ಅಗತ್ಯವೇ?
ಉತ್ತರ: ಅಗತ್ಯವಿಲ್ಲ. ವೈದ್ಯರ ಸಲಹೆಯಿಲ್ಲದೆ ಅಂತಹ ಪುಡಿ, ಮಾತ್ರೆಗಳನ್ನು ಸೇವಿಸಬಾರದು.

ಪ್ರಶ್ನೆ: ಆಹಾರ ನಿಯಂತ್ರಣವೊಂದೇ ಸಾಕೇ?
ಉತ್ತರ: ಸಾಲದು. ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ 5 ದಿನ 30 ನಿಮಿಷಗಳ ಬಿರುಸು ನಡಿಗೆ ಅವಶ್ಯಕ. ತಂಬಾಕು ಮತ್ತು ಮದ್ಯಪಾನವನ್ನು ತ್ಯಜಿಸಬೇಕು.

ಪ್ರಶ್ನೆ: ಒಬ್ಬರಿಗಾಗಿ ಬೇರೆ ಅಡುಗೆ ಮಾಡಬೇಕೇ?
ಉತ್ತರ: ಬೇಕಿಲ್ಲ. ಮೇಲ್ಕಂಡ ಅಡುಗೆಗಳು ಇಡೀ ಕುಟುಂಬಕ್ಕೆ ಯೋಗ್ಯವಾಗಿವೆ. ಹೊಲದಲ್ಲಿ ದುಡಿಯುವವರಿಗೆ ಮತ್ತು ಬೆಳೆಯುವ ಮಕ್ಕಳಿಗೆ ಮುದ್ದೆ, ಅನ್ನದ ಪ್ರಮಾಣವನ್ನು ಮಾತ್ರ ಹೆಚ್ಚಿಸಬೇಕು. ಮನೆಮಂದಿಯೆಲ್ಲ ಉಂಡ ನಂತರ ಉಳಿದುದನ್ನು ವ್ಯರ್ಥವಾಗಬಾರದೆಂದು ಗೃಹಿಣಿಯರು ತಿಂದು ಮುಗಿಸುವುದು ರೂಢಿ. ಅಳೆದು ಬೇಯಿಸಿದಲ್ಲಿ ಇದನ್ನು ತಪ್ಪಿಸಬಹುದು.

10. ಎಚ್ಚರಿಕೆಗಳು

- ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಮಕ್ಕಳು ತೂಕ ಇಳಿಸುವ ಪಥ್ಯವನ್ನು ತಾವಾಗಿ ಅನುಸರಿಸಬಾರದು.
- ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ಊಟದ ಪ್ರಮಾಣ ಕಡಿಮೆ ಮಾಡುವ ಮೊದಲು ವೈದ್ಯರನ್ನು ಕಾಣಬೇಕು. ಔಷಧಿಯ ಪ್ರಮಾಣ ಬದಲಾಗದಿದ್ದಲ್ಲಿ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು.
- ಮೂತ್ರಪಿಂಡದ ಕಾಯಿಲೆ ಇರುವವರು ಕಾಳು, ಸೊಪ್ಪುಗಳ ಪ್ರಮಾಣವನ್ನು ವೈದ್ಯರ ಸೂಚನೆಯಂತೆ ನಿರ್ಧರಿಸಬೇಕು.
- ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ ಅದು ಕಾಯಿಲೆಯ ಲಕ್ಷಣವಾಗಿರಬಹುದು, ತಪಾಸಣೆ ಮಾಡಿಸಿಕೊಳ್ಳಬೇಕು.
- ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರುಗಟ್ಟುವಿಕೆ ಕಂಡುಬಂದಲ್ಲಿ ಅದನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಕಾಲಹರಣ ಮಾಡದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

11. ಎಲ್ಲಿ ಸಂಪರ್ಕಿಸಬೇಕು

30 ವರ್ಷ ಮೇಲ್ಪಟ್ಟವರು ತೂಕ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯ ತಪಾಸಣೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಸಾರ್ವಜನಿಕ ಆಸ್ಪತ್ರೆಗಳನ್ನು ಅಥವಾ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಗ್ರಾಮಗಳಲ್ಲಿ ಆಶಾ ಕಾರ್ಯಕರ್ತೆಯರಿಂದಲೂ ಮಾಹಿತಿ ಪಡೆಯಬಹುದು. ತಿಂಗಳಿಗೆ ಎರಡು ಬಾರಿ, ಒಂದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು ತೂಕ ನೋಡಿ ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ. ಈಗಿರುವ ತೂಕದಲ್ಲಿ ಶೇಕಡ 5ರಷ್ಟು ಇಳಿದರೂ, ಅಂದರೆ 80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿದರೂ, ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯ ಹತೋಟಿಗೆ ಅದು ನೆರವಾಗುತ್ತದೆ.